ಪ್ರಾಗ್‌ನ ಕಲ್ಲುಸೇತುವೆ

ಕೇಳುಗರಿಗೆ ನಮಸ್ಕಾರ.

ಹಳೆ ಗೋವಾದ ಬೋಮ್ ಜೀಸಸ್ ಬೆಸಿಲಿಕಾವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿ ಇಟ್ಟಿರುವುದು ಅಲ್ಲೇ. ಅದೇ ಸಂತರು ದೂರದ ಚೆಕ್ ದೇಶದ ಪ್ರಾಗ್ ನಗರದಲ್ಲಿ, ಸೇತುವೆಯೊಂದರ ಮೇಲೂ ನಿಂತಿದ್ದಾರೆ.

ಅಲ್ಲಿನ ವ್ಲ್ಟಾವಾ ನದಿಗೆ ಮೊದಲಿದ್ದ ಸೇತುವೆ 1342ರ ನೆರೆಗೆ ಕುಸಿದುಬಿತ್ತು. 1357ರಲ್ಲಿ ದೊರೆ ನಾಲ್ಕನೇ ಚಾರ್ಲ್ಸ್ ಹೊಸದಕ್ಕೆ ಅಡಿಗಲ್ಲು ಹಾಕಿದ. ಹದಿನಾರು ಕಮಾನು, ಅರ್ಧ ಕಿಲೋಮೀಟರಿಗೂ ತುಸು ಹೆಚ್ಚು ಉದ್ದ. 'ಚಾರ್ಲ್ಸ್ ಸೇತುವೆ' ಎಂಬ ಹೆಸರು ಬಂದದ್ದು 1870ರಲ್ಲಿ. ಅದಕ್ಕೂ ಮೊದಲು ಜನ ಕಲ್ಲುಸೇತುವೆ ಅಂತಲೇ ಕರೆಯುತ್ತಿದ್ದರು.

ಇಂದು ಇಕ್ಕೆಲಗಳಲ್ಲೂ ಸೇರಿ ಮೂವತ್ತು ಪ್ರತಿಮೆಗಳಿವೆ. ಅವು ಸೇತುವೆಯ ಜೊತೆಗೇ ಹುಟ್ಟಿದವು ಅಂದುಕೊಳ್ಳುತ್ತೇವೆ. ಹಾಗಲ್ಲ. ಸುಮಾರು ಮುನ್ನೂರು ವರ್ಷ ಅಲ್ಲಿ ಸಂತರ ಈ ಸಾಲೇ ಇರಲಿಲ್ಲ. 1620ರಲ್ಲಿ ಪ್ರಾಗ್ ಬಳಿಯ ಬಿಳಿಬೆಟ್ಟದ ಕದನದಲ್ಲಿ, ಕ್ಯಾಥೊಲಿಕ್ ದೊರೆಯ ವಿರುದ್ಧ ಬಂಡೆದ್ದ ಪ್ರೊಟೆಸ್ಟಂಟ್ ಕ್ರೈಸ್ತರು ಸೋತರು. ಮರುವರ್ಷ ಬಂಡಾಯದ ಮುಖಂಡರನ್ನು ಕೊಲ್ಲಿಸಿ, ಹನ್ನೆರಡು ಮಂದಿಯ ತಲೆಗಳನ್ನು ಸೇತುವೆಯ ಗೋಪುರಕ್ಕೇ ತೂಗುಹಾಕಿದರು. ಆ ತಲೆಗಳು ಹತ್ತು ವರ್ಷ ಅಲ್ಲಿದ್ದವು. ಸಂತರು ಬಂದದ್ದು ಆಮೇಲೆ, ಗೆದ್ದ ಕ್ಯಾಥೊಲಿಕ್ ನಂಬಿಕೆಯನ್ನು ದಾರಿಹೋಕರ ಎದೆಗೆ ಇಳಿಸಲು. ಅಷ್ಟು ಚೆಲುವಾದ ಶಿಲ್ಪಗಳ ಹಿಂದೆ ಇಂಥ ನೋವಿದೆ ಎಂಬುದನ್ನು ನಾನು ಮರೆಯಲಾರೆ.

1683ರಲ್ಲಿ ಮೊದಲು ನಿಂತದ್ದು ನೆಪೊಮುಕ್‌ನ ಸಂತ ಜಾನ್, ಕಂಚಿನಲ್ಲಿ. 1393ರಲ್ಲಿ ಆಗಿನ ದೊರೆಯ ಅಪ್ಪಣೆಯಂತೆ, ಪಾದ್ರಿಯಾಗಿದ್ದ ಅವರನ್ನು ಇದೇ ಸೇತುವೆಯಿಂದ ನದಿಗೆ ಎಸೆದಿದ್ದರು. ರಾಣಿ ಪಾಪನಿವೇದನೆಯಲ್ಲಿ ಹೇಳಿದ ಗುಟ್ಟನ್ನು ಅವರು ಬಿಟ್ಟುಕೊಡಲಿಲ್ಲ, ಅದಕ್ಕೇ ಈ ಶಿಕ್ಷೆ ಅನ್ನುವುದು ಜನರ ನಂಬಿಕೆ. ಪೀಠದ ಉಬ್ಬುಚಿತ್ರಗಳು ಜನರಿಂದ ಮುಟ್ಟಿಸಿಕೊಂಡು ಮುಟ್ಟಿಸಿಕೊಂಡು ಚಿನ್ನದ ಹಾಗೆ ಹೊಳೆಯುತ್ತವೆ.

ಕ್ಸೇವಿಯರ್ ಪ್ರತಿಮೆ 1711ರದು, ಶಿಲ್ಪಿ ಫರ್ಡಿನಾಂಡ್ ಬ್ರೊಕೊಫ್. ಕೈಯಲ್ಲಿ ಶಿಲುಬೆ ಎತ್ತಿಹಿಡಿದ ಸಂತರು, ಮುಂದೆ ದೀಕ್ಷೆಗಾಗಿ ಮಂಡಿಯೂರಿದ ರಾಜಕುಮಾರ, ಕೆಳಗೆ ಭಾರ ಹೊತ್ತ ಪೂರ್ವದೇಶಗಳ ಜನ. ಭಾರತವನ್ನು ಕಾಣದ ಶಿಲ್ಪಿ ಕಲ್ಪನೆಯಲ್ಲೇ ಕಡೆದ ನಮ್ಮವರು ಅವರು. ಆ ಹೊತ್ತ ಹೆಗಲುಗಳ ಮೇಲೆಯೇ ನನ್ನ ಕಣ್ಣು ನಿಲ್ಲುತ್ತದೆ.

1890ರ ಸೆಪ್ಟೆಂಬರಿನ ನೆರೆಯಲ್ಲಿ ಮೂರು ಕಮಾನುಗಳು ಕುಸಿದವು. ಕ್ಸೇವಿಯರ್ ನದಿಗೆ ಬಿದ್ದರು. ಎದುರಿಗಿದ್ದ ಸಂತ ಇಗ್ನೇಷಿಯಸ್ ಕೂಡ ಬಿದ್ದರು. ಕ್ಸೇವಿಯರ್ ಸೇರಿದ ಜೆಸ್ಯುಯಿಟ್ ಪಂಥವನ್ನು ಕಟ್ಟಿದವರು ಅವರೇ. 1913ರಲ್ಲಿ ಕ್ಸೇವಿಯರ್ ಪ್ರತಿಮೆಯ ಪ್ರತಿ ಮತ್ತೆ ಮೇಲೆ ಬಂತು. ಇಗ್ನೇಷಿಯಸ್ ಮರಳಲಿಲ್ಲ. ಅವರ ಜಾಗದಲ್ಲಿ 1938ರಿಂದ ಸ್ಲಾವ್ ಜನರಿಗೆ ಲಿಪಿ ಕೊಟ್ಟ ಸಿರಿಲ್ ಮತ್ತು ಮೆಥೋಡಿಯಸ್ ಸೋದರರಿದ್ದಾರೆ.

ನಮಸ್ಕಾರ.