ವರದಿ ಬರೆಯುವ ಮುಂಚೆ ಮಕ್ಕಳನ್ನು ಕೇಳಿದಿರಾ?

ಎಲ್ಲರಿಗೂ ನಮಸ್ಕಾರ. ಇವತ್ತು ಶಾಲೆಗಳ ಮಳೆ ರಜೆ ಬಗ್ಗೆ ಮಾತಾಡಬೇಕು ಅಂತ ಇತ್ತು. ಅದು ಮುಂದಿನ ವಾರಕ್ಕೆ ಇರಲಿ. ಹೋದ ಎಪಿಸೋಡ್ ಕೆಳಗೆ ಒಬ್ಬರು ಹಾಕಿರುವ ಕಾಮೆಂಟ್ ನನ್ನ ತಲೆ ಕೆಡಿಸಿದೆ. "ಮಕ್ಕಳ ಹಕ್ಕು ನೋಡಿಕೊಳ್ಳೋಕೆ ಆಯೋಗ ಇದೆ, ಇಲಾಖೆ ಇದೆ, ಎನ್‌ಜಿಓಗಳಿವೆ. ಮಕ್ಕಳನ್ನು ಕೇಳೋದೇನು ಸ್ವಾಮಿ? ಚಾಕೊಲೇಟ್ ಬೇಕು ಅಂತಾರೆ, ಅಷ್ಟೇ." ಅದಕ್ಕೆ ರಾಶಿ ಲೈಕ್ ಬೇರೆ.

ಚಾಕೊಲೇಟ್ ಕೇಳುವ ಮಗುವಿಗೆ ಶಾಲೆಯ ಶೌಚಾಲಯದ ಚಿಲಕ ಮುರಿದಿರುವುದೂ ಗೊತ್ತಿರುತ್ತದೆ ಸರ್. ಅದಕ್ಕೇ ಅದು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿರುತ್ತದೆ. ನಿಮ್ಮ ವರದಿಯಲ್ಲಿ "ಶೌಚಾಲಯ: ಇದೆ" ಅಂತ ಟಿಕ್ ಬಿದ್ದಿರುತ್ತದೆ. ಇಬ್ಬರಲ್ಲಿ ಯಾರಿಗೆ ಜಾಸ್ತಿ ಗೊತ್ತು, ಹೇಳಿ.

ಈಚೆಗೆ ಇಲ್ಲೇ ಬೆಂಗಳೂರಿನಲ್ಲಿ ಇಂಥದ್ದೇ ಒಂದು ವರದಿಯ ಬಿಡುಗಡೆಗೆ ಹೋಗಿದ್ದೆ. ಮಕ್ಕಳ ಹಕ್ಕುಗಳ ಸ್ಥಿತಿಗತಿ, ಒಳ್ಳೆ ದಪ್ಪ ಪುಸ್ತಕ. ಮಕ್ಕಳೂ ಬಂದಿದ್ದರು. ಪ್ರಾರ್ಥನೆ ಹಾಡಿದರು, ವೇದಿಕೆಯ ಮೇಲಿದ್ದವರಿಗೆ ಹೂಗುಚ್ಛ ಕೊಟ್ಟರು. ಆಮೇಲೆ ಅವರನ್ನು ಹೊರಗೆ ಕಳಿಸಿದರು. ಒಳಗೆ ದೊಡ್ಡವರು ಮಕ್ಕಳ ಬಗ್ಗೆ ಮಾತಾಡಿದರು. ನಾನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ. ಮಕ್ಕಳನ್ನು ಕೇಳಿದಿರಾ? "ಸಮಯದ ಅಭಾವ" ಅಂದರು.

ಇದು ನಾನು ಹುಟ್ಟಿಸಿದ ಬೇಡಿಕೆ ಅಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಗಿದ್ದು 1989ರ ನವೆಂಬರ್ 20ರಂದು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್‌ನಲ್ಲಿ. ಅದರ 12ನೇ ವಿಧಿ ಹೇಳುವುದೇ ಇದನ್ನು. ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ತನ್ನ ಮಾತು ಹೇಳಬಹುದು, ಅದರ ವಯಸ್ಸು, ತಿಳಿವಳಿಕೆ ನೋಡಿ ಆ ಮಾತಿಗೆ ಬೆಲೆ ಕೊಡಬೇಕು. ಈ ಒಡಂಬಡಿಕೆ ಪಾಲನೆ ಆಗುತ್ತಿದೆಯಾ ಅಂತ ನೋಡುವ ವಿಶ್ವಸಂಸ್ಥೆಯ ಸಮಿತಿಯೊಂದು ಜಿನೀವಾದಲ್ಲಿದೆ. 2009ರಲ್ಲಿ ಅದು ಇದನ್ನು ಇನ್ನೂ ಬಿಡಿಸಿ ಹೇಳಿತು. ಒತ್ತಾಯ ಮಾಡಬಾರದು, ಮಾತಾಡಿದ ಮಗುವಿಗೆ ತೊಂದರೆ ಆಗಬಾರದು. ಅದರ ಮಾತಿನಿಂದ ಕೊನೆಗೆ ಏನಾಯಿತು ಅಂತ ಆ ಮಗುವಿಗೇ ಬಂದು ತಿಳಿಸಬೇಕು. ನಮ್ಮಲ್ಲಿ ಎಷ್ಟು ಜನ ವಾಪಸ್ ಹೋಗಿ ತಿಳಿಸಿದ್ದಾರೆ?

ಒಡಂಬಡಿಕೆಗೆ ಸೇರಿದ ದೇಶ ಐದೈದು ವರ್ಷಕ್ಕೊಮ್ಮೆ ತನ್ನ ಕೆಲಸದ ವರದಿಯನ್ನು ತಾನೇ ಬರೆದು ಕೊಡಬೇಕು. ಅದನ್ನು ಜಿನೀವಾದ ಸಮಿತಿ ಪರಿಶೀಲಿಸುತ್ತದೆ, ಸರಿ. ಆದರೂ ತನ್ನ ಪೇಪರ್ ಬಗ್ಗೆ ಮೊದಲು ಹೇಳುವುದು ಪರೀಕ್ಷೆ ಬರೆದವನೇ. ಇಲ್ಲಿಯೂ ನೋಡಿ. 2005ರ ಕಾಯ್ದೆ ಪ್ರಕಾರ ರಾಜ್ಯದಲ್ಲಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಒಬ್ಬ ಅಧ್ಯಕ್ಷರು, ಆರು ಜನ ಸದಸ್ಯರು. ನೇಮಕ ಮಾಡುವುದು ಯಾರು? ಸರ್ಕಾರ. ಆಯೋಗ ತಪ್ಪು ಹುಡುಕಬೇಕಾಗಿರುವುದು ಯಾರ ಕೆಲಸದಲ್ಲಿ? ಅದೇ ಸರ್ಕಾರದ ಇಲಾಖೆಗಳಲ್ಲಿ. ಹುಡುಕಿದ ಮೇಲೂ ಶಿಫಾರಸು ಮಾಡಬಹುದು, ಇಲ್ಲವೇ ಕೋರ್ಟಿಗೆ ಹೋಗಬಹುದು, ಅಷ್ಟೇ. ಆಯೋಗ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಆದರೆ ಮಕ್ಕಳಿಗೆ ಅವರ ಹಕ್ಕು ಎಷ್ಟು ಸಿಕ್ಕಿದೆ ಅಂತ ಅಳೆಯುವಾಗ ಮಕ್ಕಳನ್ನು ಕೇಳಿದಿರಾ?

ಈಗ ಈ ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ. ಇದು ನನಗೆ ನಿಜವಾಗಿ ಹೊಟ್ಟೆ ಉರಿಸುವ ವಿಷಯ. ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆ ಇದೆ. ಕುಂದಾಪುರದ ಕಡೆ ತೊಂಬತ್ತರ ದಶಕದಲ್ಲೇ ಮಕ್ಕಳ ಪಂಚಾಯಿತಿ ನಡೆದಿತ್ತು. 2006ರಿಂದೀಚೆಗೆ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ಮಾಡಬೇಕು ಅಂತ ಸರ್ಕಾರವೇ ಹೇಳಿದೆ. ಅಧ್ಯಕ್ಷರು, ಪಿಡಿಓ ಎದುರಿಗೇ ಏಳನೇ ಕ್ಲಾಸಿನ ಹುಡುಗಿ ಎದ್ದು ಕೇಳುತ್ತಾಳೆ, ನಮ್ಮ ಶಾಲೆಗೆ ಕಾಂಪೌಂಡ್ ಯಾವಾಗ ಕಟ್ಟಿಸುತ್ತೀರಿ, ಶಾಲೆ ಪಕ್ಕದ ಅಂಗಡಿಯಲ್ಲಿ ಮದ್ಯ ಮಾರುವುದನ್ನು ಯಾವಾಗ ನಿಲ್ಲಿಸುತ್ತೀರಿ ಅಂತ. ಎಲ್ಲ ಕಡೆ ಚೆನ್ನಾಗಿ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೂ ಕೇಳುವುದಕ್ಕೆ ಅಂತ ಒಂದು ದಿನ ಇದೆಯಲ್ಲ!

ಬೆಂಗಳೂರಿನ ಮಗುವಿಗೆ? ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಊರು ನಡೆಯಿತು. ಬಿಬಿಎಂಪಿ ಹೋಗಿ ಐದು ಪಾಲಿಕೆಗಳೇ ಬಂದವು. ಇಷ್ಟೆಲ್ಲ ಬದಲಾವಣೆಯಲ್ಲಿ ಯಾರಾದರೂ ಮಕ್ಕಳನ್ನು ಕೇಳಿದರಾ? "ದೊಡ್ಡವರಿಗೇ ದಿಕ್ಕಿಲ್ಲ, ಮಕ್ಕಳಿಗೆಲ್ಲಿಂದ" ಅಂತ ಹೇಳುವವರು ದಯವಿಟ್ಟು ಸುಮ್ನಿರಿ. ನಿಮಗೆ ಓಟಾದರೂ ಇದೆ. ಅವರಿಗೆ ಅದೂ ಇಲ್ಲ.

ಪಾರ್ಕ್ ತೆಗೆದುಕೊಳ್ಳಿ. ಆಡುವುದು ಮಗುವಿನ ಹಕ್ಕು, ಒಡಂಬಡಿಕೆಯ 31ನೇ ವಿಧಿ. ಅಧಿಕಾರಿಯನ್ನು ಕೇಳಿ, ಪಾರ್ಕ್ ಎಷ್ಟು, ಜಾರುಬಂಡೆ ಎಷ್ಟು, ಲೆಕ್ಕ ಕೊಡುತ್ತಾರೆ. ಮಕ್ಕಳನ್ನು ಕೇಳಿ. ಗೇಟಿನಲ್ಲೇ "ಚೆಂಡಾಟ ನಿಷೇಧ" ಬೋರ್ಡ್ ಇದೆ ಅಂತಾರೆ. ವಾಕಿಂಗ್ ಬರುವ ಅಂಕಲ್ ಬೈತಾರೆ, ವಾಚ್‌ಮನ್ ಓಡಿಸ್ತಾನೆ ಅಂತಾರೆ. ರಸ್ತೆಯಲ್ಲಿ ಆಡಿದರೆ ಗಾಡಿ. ಹಾಗಾದರೆ ಎಲ್ಲಿ ಆಡಬೇಕು?

1098 ಮಕ್ಕಳ ಸಹಾಯವಾಣಿಯೂ ಹೀಗೇ. ಎಷ್ಟು ಪೋಸ್ಟರ್ ಅಂಟಿಸಿದಿರಿ ಅನ್ನುವುದು ಒಂದು ಲೆಕ್ಕ. ಮನೆಗೆಲಸಕ್ಕೆ ಇಟ್ಟುಕೊಂಡ ಹನ್ನೆರಡು ವರ್ಷದ ಹುಡುಗಿ ಯಾರ ಫೋನಿನಿಂದ ಕಾಲ್ ಮಾಡಬೇಕು? ಯಾದಗಿರಿ, ರಾಯಚೂರಿನಿಂದ ಅಪ್ಪ ಅಮ್ಮನ ಜೊತೆ ಬಂದು ಕಟ್ಟಡದ ಶೆಡ್ಡಿನಲ್ಲಿ ಇರುವ ಮಗುವಿನ ಹೆಸರು ಊರಿನ ಶಾಲೆಯ ಹಾಜರಿಯಲ್ಲೇ ಉಳಿದುಬಿಟ್ಟಿರಬಹುದು. ಪುಸ್ತಕದಲ್ಲಿ ಶಾಲೆ ಇದೆ, ಮಗು ಇಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದೆ. ಆ ಮಗುವನ್ನು ಕೇಳಿದಿರಾ?

ಇನ್ನೊಂದು ವಾದ ಇದೆ. "ದೊಡ್ಡವರು ಹೇಳಿಕೊಟ್ಟಿದ್ದನ್ನೇ ಮಕ್ಕಳು ಒಪ್ಪಿಸುತ್ತಾರೆ." ಹಾಗಾದರೆ ಹೇಳಿಕೊಡುವವರನ್ನು ದೂರ ಇಡಿ! ಮೇಷ್ಟರು, ವಾರ್ಡನ್ ಪಕ್ಕದಲ್ಲಿ ನಿಂತಿರುವಾಗ "ಹಾಸ್ಟೆಲ್ ಊಟ ಹೇಗಿದೆ ಪುಟ್ಟಾ" ಅಂದರೆ ಯಾವ ಮಗು ನಿಜ ಹೇಳುತ್ತದೆ? ಬಾಲಮಂದಿರದಂಥ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ವಯಸ್ಸಿಗೆ ತಕ್ಕಂತೆ ಮಕ್ಕಳ ಸಮಿತಿ ಇರಬೇಕು ಅಂತ 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲೇ ಇದೆ. ಆರರಿಂದ ಹತ್ತು ವರ್ಷದ ಮಕ್ಕಳಿಗೂ ಬೇರೆ ಸಮಿತಿ. ಆರು ವರ್ಷದ ಮಗುವಿಗೆ ಹೇಳಲು ಏನೋ ಇದೆ ಅಂತ ನಿಯಮ ಬರೆದವರೇ ಒಪ್ಪಿದ್ದಾರೆ. ನೀವು ಒಪ್ಪಲ್ಲ, ಅಲ್ವಾ?

ಮಕ್ಕಳೇ ನೇರವಾಗಿ ಜಿನೀವಾ ಸಮಿತಿಗೆ ದೂರು ಕೊಡುವ ದಾರಿಯೂ 2014ರಿಂದ ಜಾರಿಯಲ್ಲಿದೆ. ಅದಕ್ಕೆ ಭಾರತ ಸೇರಿಲ್ಲ. ಏಕೆ ಸೇರಿಲ್ಲ? ಕೇಳಿಸಿಕೊಳ್ಳಲು ಇಷ್ಟವಿಲ್ಲ, ನನ್ನ ಪ್ರಕಾರ ಅಷ್ಟೇ.

ಸಾಕು, ಗಂಟಲು ಒಣಗಿತು. ಇನ್ನು ಕಾರಣ ಕೊಡುವುದಿಲ್ಲ, ಕೇಳುತ್ತಲೇ ಇರುತ್ತೇನೆ. ಸಚಿವರು ಬಂದರೆ ಕೇಳುತ್ತೇನೆ, ಎನ್‌ಜಿಓದವರು ಬಂದರೆ ಕೇಳುತ್ತೇನೆ. ಮಕ್ಕಳನ್ನು ಕೇಳಿದಿರಾ? ಕೇಳಿದಿರಾ? ಕೇಳದೆ ಬರೆದ ವರದಿಯನ್ನು ಈ ಚಾನೆಲ್‌ನಲ್ಲಿ ನಾನು ಓದುವುದೇ ಇಲ್ಲ.

ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಈಗಲೇ ಮಾಡಿ, ಬೆಲ್ ಒತ್ತಿ, ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕಿ. ನಿಮ್ಮ ಏರಿಯಾದ ಪಾರ್ಕಿನ ಗೇಟಿನಲ್ಲಿ ಏನು ಬೋರ್ಡ್ ಇದೆ ಅಂತ ಫೋಟೊ ತೆಗೆದು ಕಳಿಸಿ. ಮನೆಯಲ್ಲಿ ಮಕ್ಕಳಿದ್ದರೆ, ಅವರಿಗೆ ಇಷ್ಟ ಇದ್ದರೆ ಮಾತ್ರ, ಪಾರ್ಕ್, ಬಸ್ಸು, ಶಾಲೆ ಬಗ್ಗೆ ಅವರ ಮಾತಲ್ಲೇ ಬರೆಸಿ. ಹೆಸರು ಬೇಡ, ಶಾಲೆಯ ಹೆಸರೂ ಬೇಡ, ವಯಸ್ಸು ಸಾಕು. ಮುಂದಿನ ವಾರ ಮಳೆ ರಜೆ ಎಪಿಸೋಡಿಗೆ ಮುಂಚೆ ಅದನ್ನೇ ಓದುತ್ತೇನೆ.