ಗುಜರಿಯವನಿಗೆ ಗೊತ್ತಿತ್ತಾ?

ಘಟಪ್ರಭಾ ದಂಡೆಯಲ್ಲಿ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಕಬ್ಬಿಗೆ ನೀರು ಹಾಯಿಸಿ ಬಂದಿರುತ್ತೀರಿ. ಬೆಳಿಗ್ಗೆ ಹೋದರೆ ಮೋಟರ್ ಇಲ್ಲ. ಕೊಯ್ದ ಕೇಬಲ್ ತುದಿ ಮಾತ್ರ ನೇತಾಡುತ್ತಿದೆ. ವಾರದಲ್ಲಿ ಅದು ಬಾಗಲಕೋಟೆಯ ಯಾವುದೋ ಗುಜರಿ ಅಂಗಡಿಯಲ್ಲಿ ಸಿಕ್ಕಿತು ಅಂದುಕೊಳ್ಳಿ. ಅಂಗಡಿಯವರದು ಒಂದೇ ಮಾತು: "ನನಗೇನ್ ಗೊತ್ತ್ರೀ? ತಂದು ಕೊಟ್ಟ್ರು, ತೂಕ ಮಾಡಿ ತಗೊಂಡೇನಿ."

ಕಟ್ಟೆ ಮೇಲೆ ಕೂತವರ ತೀರ್ಪು ಅಷ್ಟೊತ್ತಿಗೆ ಆಗಿ ಹೋಗಿರುತ್ತದೆ. ಮಾಲು ಸಿಕ್ಕಿತಲ್ಲ, ಇನ್ನೇನು ಸಾಕ್ಷಿ? ಅಲ್ಲೇ ನನ್ನ ತಕರಾರು. ಕಳವಿನ ಮಾಲು ಕೈಯಲ್ಲಿತ್ತು ಅನ್ನುವುದು ಬೇರೆ, ಗೊತ್ತಿದ್ದೂ ಇಟ್ಟುಕೊಂಡ ಅನ್ನುವುದು ಬೇರೆ. ಮೊದಲು ಇದು ಐಪಿಸಿ 411. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317. ಮೂರು ವರ್ಷದವರೆಗೆ ಜೈಲು ಆಗಬಹುದು. ಆದರೆ ಕಳವಿನದು ಅಂತ ಗೊತ್ತಿತ್ತು, ಇಲ್ಲವೇ ಹಾಗೆ ನಂಬಲು ಕಾರಣ ಇತ್ತು ಅಂತ ತೋರಿಸಬೇಕು. ಸುಪ್ರೀಂ ಕೋರ್ಟ್ 1954ರ ತ್ರಿಂಬಕ್ ಪ್ರಕರಣದಲ್ಲೇ ಇದನ್ನು ಹೇಳಿದೆ.

ತಲೆಯೊಳಗಿನದನ್ನು ತೋರಿಸುವುದು ಹೇಗೆ? ಮೋಟರಿನ ಮೈ ನೋಡಿ. ಅದರ ಮೇಲೆ ತಗಡಿನ ಪಟ್ಟಿ ಇರುತ್ತದೆ: ಕಂಪನಿ, ಎಚ್‌ಪಿ, ಸೀರಿಯಲ್ ನಂಬರ್. ಅದನ್ನು ಕಿತ್ತು, ರಿವೆಟ್ ತೂತು ಮಾತ್ರ ಉಳಿದಿದೆಯಾ? ತಾಮ್ರವನ್ನು ಕಬ್ಬಿಣದ ರೇಟಿಗೆ ಕೊಂಡರಾ? ದಿನಾ ಬರೆಯುವ ವಹಿಯಲ್ಲಿ ಇದೊಂದೇ ಬಿಟ್ಟುಹೋಗಿದೆಯಾ? ಹಿಂದಿನ ಶೆಡ್ಡಿನಲ್ಲಿ ಚೀಲದಡಿ ಸಿಕ್ಕಿತಾ? ಬಿಲ್ ಇರಲಿಲ್ಲ ಅನ್ನುವುದೊಂದನ್ನೇ ದೊಡ್ಡದು ಮಾಡಬೇಡಿ. ನಮ್ಮ ಕಡೆ ಹಳೇ ಸಾಮಾನಿಗೆ ಬಿಲ್ ಕೊಡುವವರು ಯಾರಿದ್ದಾರೆ?

ಕಳವಾದ ಸ್ವಲ್ಪ ದಿನದಲ್ಲೇ ಮಾಲು ಸಿಕ್ಕಿ, ಅದು ಹೇಗೆ ಬಂತು ಅಂತ ಹೇಳಲು ಬಾರದಿದ್ದರೆ, ಗೊತ್ತಿತ್ತು ಅಂತ ಕೋರ್ಟ್ ಊಹಿಸಬಹುದು. ಊಹಿಸಲೇಬೇಕು ಅಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 114ನೇ ಕಲಂ ಅದು, ಈಗ ಹೊಸ ಸಾಕ್ಷ್ಯ ಕಾಯ್ದೆಯ 119. ಅಲ್ಲೊಂದು ಚಂದದ ಉದಾಹರಣೆ ಇದೆ. ಅಂಗಡಿಯವನ ಗಲ್ಲಾ ಪೆಟ್ಟಿಗೆಯಲ್ಲಿ ಗುರುತು ಹಾಕಿದ ಕಳವಿನ ರೂಪಾಯಿ ಸಿಗುತ್ತದೆ. ಯಾರು ಕೊಟ್ಟರು ಅಂತ ಅವನಿಗೆ ಹೇಳಲಾಗದು. ಆದರೆ ದಿನವಿಡೀ ರೂಪಾಯಿ ಬರುತ್ತಲೇ ಇರುತ್ತದಲ್ಲ, ಅದನ್ನೂ ಕೋರ್ಟ್ ಗಮನಿಸಬೇಕು. ಗುಜರಿಯವರಿಗೂ ಈ ರಿಯಾಯಿತಿ ಬೇಕು, ಒಪ್ಪುತ್ತೇನೆ. ಆದರೆ ಹತ್ತು ಎಚ್‌ಪಿ ಮೋಟರ್ ಏನು ರೂಪಾಯಿ ನಾಣ್ಯವಾ? ಇಬ್ಬರು ಹೊತ್ತು ಇಳಿಸಬೇಕು. ಇಳಿಸಿದವರ ಮುಖ ಮರೆತೆ ಅಂದರೆ ನಾನಂತೂ ನಂಬುವುದಿಲ್ಲ.

ಇನ್ನು ಪೊಲೀಸರು ಆರೋಪಿಯಿಂದ ಬರೆಸಿಕೊಳ್ಳುವ ಸ್ವಇಚ್ಛಾ ಹೇಳಿಕೆ. 'ಕಳವಿನದು ಅಂತ ಗೊತ್ತಿದ್ದೂ ಕೊಂಡೆ' ಅಂತ ಟೈಪ್ ಮಾಡಿ ಸಹಿ ಹಾಕಿಸಿದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷಿಯಲ್ಲ. ಮಾಲು ಎಲ್ಲಿದೆ ಅಂತ ತೋರಿಸಿಕೊಟ್ಟ ಭಾಗ ಮಾತ್ರ ನಿಲ್ಲುತ್ತದೆ. ಪಂಚನಾಮೆಗೆ ಸಹಿ ಹಾಕಿದ ಪಂಚರು ನಾಳೆ 'ಖಾಲಿ ಹಾಳೆಗೆ ಸಹಿ ಹಾಕಿದೆ' ಅಂದರೆ ಅದೂ ಅಲುಗಾಡುತ್ತದೆ. ವಹಿ, ರೇಟು, ರಿವೆಟ್ ತೂತಿನ ಫೋಟೋ ಸೇರಿಸಲು ಏನು ಕಷ್ಟ?

ಎಲ್ಲಕ್ಕೂ ಮೊದಲು ಆ ಮೋಟರ್ ನಿಮ್ಮದು ಅಂತ ಸಾಬೀತಾಗಬೇಕು ಅಲ್ವಾ? ಪಟ್ಟಿ ಕಿತ್ತ ಮೇಲೆ ಯಾವುದರಿಂದ ಗುರುತು ಹಿಡಿಯುತ್ತೀರಿ? ಮುಂದಿನ ಸಲ ರಿಪೇರಿಗೆ ಒಯ್ದಾಗ, ಬಾಡಿ ಮೇಲೆ ನಿಮ್ಮ ಅಡ್ಡಹೆಸರಿನ ಎರಡಕ್ಷರ ವೆಲ್ಡಿಂಗ್ ಮಾಡಿಸಿ. ಹತ್ತು ನಿಮಿಷದ ಕೆಲಸ.