ಶುಕ್ರವಾರ ಮುಚ್ಚಿತು, ಸೋಮವಾರ ತೆರೆಯಿತು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾನ್ಸಾಸ್ ರಾಜ್ಯದ ನೈಋತ್ಯ ತುದಿಯಲ್ಲಿ ಎಲ್ಕ್‌ಹಾರ್ಟ್ ಎಂಬ ಊರಿದೆ. ಎರಡು ಸಾವಿರ ತುಂಬದ ಜನ. ಊರು ದಾಟಿದರೆ ಓಕ್ಲಹೋಮ, ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಕೊಲರಾಡೊ. ಮಳೆ ಕಡಿಮೆ ಬೀಳುವ ಬಯಲು ಸೀಮೆ. ಗೋಧಿ, ದನ, ಜೋಳ. ಹೌದು, ನಮ್ಮ ವಿಜಯಪುರದ ಕಡೆ ರೊಟ್ಟಿ ಬಡಿಯುವ ಜೋಳದ ಜಾತಿಯೇ. ಅಲ್ಲಿ ಅದು ಹೆಚ್ಚಾಗಿ ದನದ ಮೇವಿಗೆ ಹೋಗುತ್ತದೆ. ಇಂಥ ಊರಿನ ಹಾರ್ಟ್‌ಲ್ಯಾಂಡ್ ಟ್ರೈ-ಸ್ಟೇಟ್ ಬ್ಯಾಂಕು 2023ರ ಜುಲೈ 28ರ ಶುಕ್ರವಾರ ಮುಳುಗಿತು. ಅದು ಹೇಗೆ ಮುಳುಗಿತು, ಮುಳುಗಿದ ಮೇಲೆ ಅದರ ಹೆಣಭಾರ ಯಾರು ಹೊತ್ತರು ಎಂಬುದು ಇವತ್ತಿನ ವಿಷಯ.

ಬ್ಯಾಂಕು ಚಿಕ್ಕದು, ನಾಲ್ಕೇ ಶಾಖೆ. ಆ ವರ್ಷದ ಮಾರ್ಚ್ 31ಕ್ಕೆ ಅದರ ಒಟ್ಟು ಆಸ್ತಿ ಸುಮಾರು 13 ಕೋಟಿ 90 ಲಕ್ಷ ಡಾಲರ್. ಜನರ ಠೇವಣಿ ಸುಮಾರು 13 ಕೋಟಿ. ಇವೆರಡರ ನಡುವಿನ ಅಂತರವನ್ನು ಗಮನಿಸಿ: ಹೆಚ್ಚೆಂದರೆ 90 ಲಕ್ಷ ಡಾಲರ್. ಷೇರುದಾರರ ಸ್ವಂತ ಹಣ ಅಷ್ಟರೊಳಗೇ ಇರಬೇಕು. ಯಾವ ಬ್ಯಾಂಕಿಗಾದರೂ ಪೆಟ್ಟು ಬಿದ್ದಾಗ ಮೊದಲು ಕರಗುವುದು ಈ ಹಣ. ಅದು ಮುಗಿದ ಮೇಲೆ ಬಿದ್ದ ಒಂದೊಂದು ಡಾಲರ್ ಪೆಟ್ಟೂ ಠೇವಣಿಗೇ ತಾಗುತ್ತದೆ.

ಮೇ 30ರಿಂದ ಜುಲೈ 7ರವರೆಗೆ, ಆರು ವಾರದೊಳಗೆ, ಬ್ಯಾಂಕಿನಿಂದ ಹಲವು ವೈರ್ ಟ್ರಾನ್ಸ್‌ಫರ್‌ಗಳಲ್ಲಿ 4 ಕೋಟಿ 71 ಲಕ್ಷ ಡಾಲರ್ ಹೊರಗೆ ಹೋಯಿತು. ಅಂದರೆ ಮಾಲೀಕರ ಬಂಡವಾಳದ ಐದು ಪಟ್ಟು. ಕಳಿಸಿದವರು ಬ್ಯಾಂಕಿನ ಮುಖ್ಯಾಧಿಕಾರಿ ಶಾನ್ ಹೇನ್ಸ್. ಹಣ ಹೋದದ್ದು ಕ್ರಿಪ್ಟೊ ಕರೆನ್ಸಿಗೆ, ಅಲ್ಲಿಂದ ವಂಚಕರ ಕೈಗೆ. ವಾಟ್ಸ್‌ಆಪ್‌ನಲ್ಲಿ ಪರಿಚಯ ಬೆಳೆಸಿ, ನಕಲಿ ಆಪ್‌ನಲ್ಲಿ ಲಾಭ ಏರುತ್ತಿರುವಂತೆ ತೋರಿಸಿ, ಹಣ ಹಿಂದಕ್ಕೆ ಕೇಳಿದರೆ ಮೊದಲು ಇನ್ನಷ್ಟು ಕಟ್ಟಿ ಎನ್ನುವ ದಂಧೆ ಇದು. ಹಂದಿಯನ್ನು ಕೊಬ್ಬಿಸಿ ಕಡಿಯುವುದು ಎಂದೇ ಇದಕ್ಕೆ ಹೆಸರು. ಬ್ಯಾಂಕಿಗೆ ಕೈ ಹಾಕುವ ಮೊದಲು ಈತ ತನ್ನ ಚರ್ಚಿನ 40 ಸಾವಿರ, ಊರಿನ ಹೂಡಿಕೆ ಕೂಟದ 10 ಸಾವಿರ, ಸ್ವಂತ ಮಗಳ ಕಾಲೇಜಿಗೆಂದು ಇಟ್ಟಿದ್ದ 60 ಸಾವಿರ ಡಾಲರನ್ನೂ ಅದೇ ಬಾವಿಗೆ ಸುರಿದಿದ್ದ. 2024ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅವನಿಗೆ 293 ತಿಂಗಳು, ಅಂದರೆ 24 ವರ್ಷ 5 ತಿಂಗಳು ಜೈಲುಶಿಕ್ಷೆ ವಿಧಿಸಿತು.

ಪತ್ರಿಕೆಗಳು ಇಲ್ಲಿಗೇ ನಿಂತವು. ಬ್ಯಾಂಕಿನ ಕೆಲಸ ಬಲ್ಲವರಿಗೆ ಪ್ರಶ್ನೆ ಬೇರೆ. ವೈರ್ ಎಂದರೆ ನಮ್ಮ ಆರ್‌ಟಿಜಿಎಸ್ ಇದ್ದ ಹಾಗೆ. ಚೆಕ್ಕಿನಂತೆ ಮಾರನೇ ದಿನ ತಡೆಹಿಡಿಯಲು ಬರುವುದಿಲ್ಲ, ಹೋದರೆ ಹೋಯಿತು. ಅದಕ್ಕೇ ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಮಂಜೂರು ಮಾಡಬೇಕು, ಇಷ್ಟು ಮೊತ್ತ ಮೀರಿದರೆ ಮೇಲಿನವರನ್ನು ಕೇಳಬೇಕು ಎಂಬ ಕಟ್ಟಳೆ ಎಲ್ಲ ಬ್ಯಾಂಕುಗಳಲ್ಲೂ ಇರುತ್ತದೆ. ಹಾರ್ಟ್‌ಲ್ಯಾಂಡ್‌ನಲ್ಲೂ ಮಿತಿಗಳಿದ್ದವು. ಆದರೆ ಆ ಮಿತಿಯ ಕೊನೆಯ ಮೆಟ್ಟಿಲಲ್ಲಿ ಕೂತವನೇ ಬಂದು ಕಳಿಸಿ ಎಂದರೆ, ಹದಿನೈದಿಪ್ಪತ್ತು ವರ್ಷ ಅವನ ಕೈಕೆಳಗೆ ದುಡಿದ ಗುಮಾಸ್ತೆ ಬೇಡ ಎನ್ನಬೇಕು. ಸಣ್ಣ ಊರಿನಲ್ಲಿ ಅದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ತನಿಖಾ ವಿಭಾಗ ಆಮೇಲೆ ಕೊಟ್ಟ ವರದಿಯೂ ಇದನ್ನೇ ಎತ್ತಿ ಹೇಳಿತು: ಮುಖ್ಯಾಧಿಕಾರಿಯ ವರ್ಚಸ್ಸಿನ ಮುಂದೆ ನೌಕರರು ಬ್ಯಾಂಕಿನದೇ ನಿಯಮಗಳನ್ನು ಬದಿಗಿಟ್ಟರು.

ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಕಿನ ಹಣ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ರೈತರ ಬೆಳೆಸಾಲದಲ್ಲಿ, ಬಾಂಡುಗಳಲ್ಲಿ ಹರಡಿರುತ್ತದೆ. ಇಷ್ಟು ದೊಡ್ಡ ಮೊತ್ತ ಹೊರಗೆ ಹೋಗಬೇಕಾದರೆ ಒಳಗೆ ಎಲ್ಲಿಂದಲೋ ಬರಲೇಬೇಕು. ಹಾರ್ಟ್‌ಲ್ಯಾಂಡ್ ಆ ವಾರಗಳಲ್ಲಿ ಹೊರಗಿನಿಂದ ಸಾಲ ಎತ್ತಿತು. ಹಂಗಾಮು ನೋಡಿ ಸಾಲ ಎತ್ತುವುದು ಕೃಷಿ ಬ್ಯಾಂಕಿಗೆ ಮಾಮೂಲು. ರೈತರಿಗೆ ಕೊಟ್ಟ ಹಂಗಾಮಿನ ಸಾಲ ಹೆಚ್ಚದೆ ಬ್ಯಾಂಕು ಹೊರಗಿನಿಂದ ಎತ್ತಿದ ಸಾಲ ಮಾತ್ರ ಏರಿದರೆ ಆಡಳಿತ ಮಂಡಳಿಯಲ್ಲಿ ಯಾರಾದರೂ ಯಾಕೆ ಎಂದು ಕೇಳಬೇಕು. ಹಣಕಾಸಿನ ಮಾಸಿಕ ವರದಿಯಲ್ಲಿ ನಾನಾದರೆ ಮೊದಲು ನೋಡುವ ಸಾಲು ಅದು.

ಈಗ ಶುಕ್ರವಾರಕ್ಕೆ ಬರೋಣ.

ಅಮೆರಿಕದಲ್ಲಿ ಬ್ಯಾಂಕುಗಳನ್ನು ಸಾಮಾನ್ಯವಾಗಿ ಶುಕ್ರವಾರ ಸಂಜೆಯೇ ಮುಚ್ಚುತ್ತಾರೆ. ಶನಿವಾರ, ಭಾನುವಾರ ಕೈಯಲ್ಲಿ ಸಿಗುತ್ತವಲ್ಲ. ಸಾಮಾನ್ಯವಾಗಿ ಪರವಾನಗಿ ಕೊಟ್ಟವರೇ ಮುಚ್ಚುವ ಆದೇಶ ಕೊಡುತ್ತಾರೆ. ಇಲ್ಲಿ ಅದು ಕಾನ್ಸಾಸ್ ರಾಜ್ಯದ ಬ್ಯಾಂಕ್ ಕಮಿಷನರ್ ಕಚೇರಿ. ಆದೇಶವಾದ ಕೂಡಲೇ ರಿಸೀವರ್ ಆಗಿ, ಅಂದರೆ ಮುಳುಗಿದ ಬ್ಯಾಂಕಿನ ಆಸ್ತಿ, ಬಾಕಿಗಳನ್ನು ವಹಿಸಿಕೊಂಡು ತೀರಿಸುವವರಾಗಿ, ಎಫ್‌ಡಿಐಸಿ, ಅಂದರೆ ಒಕ್ಕೂಟ ಸರ್ಕಾರದ ಠೇವಣಿ ವಿಮಾ ನಿಗಮ, ನೇಮಕವಾಗುತ್ತದೆ. ಆ ಕ್ಷಣದಿಂದ ಆಡಳಿತ ಮಂಡಳಿ, ಮುಖ್ಯಾಧಿಕಾರಿ, ಷೇರುದಾರರು ಯಾರ ಅಧಿಕಾರವೂ ಉಳಿಯುವುದಿಲ್ಲ. ಎಲ್ಲವೂ ರಿಸೀವರ್ ಕೈಗೆ.

ಒಳಗೆ ನಡೆಯುವ ಕೆಲಸ ನೋಡಲು ನೀರಸ, ಆದರೆ ಬ್ಯಾಂಕು ಸೋಮವಾರ ತೆರೆಯುವುದೋ ಇಲ್ಲವೋ ಅದರ ಮೇಲೆ ನಿಂತಿದೆ. ಖಜಾನೆಯ ನಗದು, ಒಬ್ಬೊಬ್ಬ ಕ್ಯಾಷಿಯರ್ ಡ್ರಾಯರಿನ ನಗದು ಎಣಿಸುತ್ತಾರೆ. ಬಳಸದ ಡಿಡಿ, ಬ್ಯಾಂಕರ್ಸ್ ಚೆಕ್ ಹಾಳೆಗಳ ಸರಣಿ ಸಂಖ್ಯೆ ಬರೆದುಕೊಳ್ಳುತ್ತಾರೆ. ಅಂದಿನ ವಹಿವಾಟು ಮುಗಿಸಿ ಜನರಲ್ ಲೆಡ್ಜರ್, ಅಂದರೆ ಬ್ಯಾಂಕಿನ ಮುಖ್ಯ ಲೆಕ್ಕಪುಸ್ತಕ, ಮುಚ್ಚುತ್ತಾರೆ. ಆಮೇಲೆ ಪ್ರತಿ ಉಪಖಾತೆಯನ್ನೂ ಅದರ ಜೊತೆ ತಾಳೆ ಹಾಕುತ್ತಾರೆ: ಉಳಿತಾಯ ಖಾತೆಗಳ ಮೊತ್ತ ಲೆಡ್ಜರಿನ ಉಳಿತಾಯ ತಲೆಬರಹಕ್ಕೆ ಕೂಡಬೇಕು, ಸಾಲದ್ದು ಸಾಲಕ್ಕೆ. ಕೂಡದೆ ಉಳಿದದ್ದು ಬಹಳ ಸಲ ಸಿಗುವುದು ಸಸ್ಪೆನ್ಸ್ ಖಾತೆಯಲ್ಲಿ, ಅಂದರೆ ಯಾವ ತಲೆಬರಹಕ್ಕೆ ಸೇರಬೇಕೆಂದು ತೀರ್ಮಾನವಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆಯಲ್ಲಿ. ಯಾವ ಊರಿನ ಬ್ಯಾಂಕೇ ಆಗಲಿ, ಗುಟ್ಟು ಅಡಗಿಸುವ ಜಾಗ ಅದೇ. ಕ್ಲಿಯರಿಂಗ್‌ಗೆ ಹೋಗಿ ಇನ್ನೂ ಬಾರದ ಚೆಕ್ಕುಗಳು ಹಳೆಯ ಬ್ಯಾಂಕಿನವೋ ಹೊಸದರವೋ ಎಂಬುದನ್ನೂ ಅಂದು ರಾತ್ರಿಯೇ ಗೆರೆ ಎಳೆದು ತೀರ್ಮಾನಿಸಬೇಕು. ನೌಕರರನ್ನು ಅಂದೇ ಮನೆಗೆ ಕಳಿಸುವುದಿಲ್ಲ. ಯಾವ ಕಡತ ಎಲ್ಲಿದೆ ಎಂಬುದು ಗೊತ್ತಿರುವುದು ಅವರಿಗೇ.

ಇದಕ್ಕೂ ಮೊದಲೇ, ಬಾಗಿಲು ಮುಚ್ಚುವ ಸುದ್ದಿ ಹೊರಬೀಳದ ಹಾಗೆ, ಎಫ್‌ಡಿಐಸಿ ಬೇರೆ ಬ್ಯಾಂಕುಗಳಿಂದ ಗುಟ್ಟಾಗಿ ಹರಾಜು ಕರೆದಿರುತ್ತದೆ. ಕಾನೂನಿನ ಪ್ರಕಾರ ವಿಮಾ ನಿಧಿಗೆ ಅತಿ ಕಡಿಮೆ ಖರ್ಚಾಗುವ ಹರಾಜನ್ನೇ ಒಪ್ಪಬೇಕು. 1991ರಲ್ಲಿ ಬಂದ ನಿಯಮ ಅದು. ಹಾರ್ಟ್‌ಲ್ಯಾಂಡನ್ನು ಪಡೆದದ್ದು ಅದೇ ರಾಜ್ಯದ ಸಿರಾಕ್ಯೂಸ್ ಊರಿನ ಡ್ರೀಮ್ ಫಸ್ಟ್ ಬ್ಯಾಂಕು. ಎಲ್ಲ ಠೇವಣಿಗಳನ್ನೂ ಅದು ವಹಿಸಿಕೊಂಡಿತು, ವಿಮೆಯ ಮಿತಿಯಾದ ಎರಡೂವರೆ ಲಕ್ಷ ಡಾಲರ್ ಮೀರಿದವುಗಳನ್ನೂ ಸೇರಿಸಿ. ಆಸ್ತಿಗಳನ್ನೂ ಬಹುತೇಕ ಕೊಂಡಿತು. ಕೊಂಡ ಸಾಲಗಳು ವಸೂಲಾಗದೆ ಹೋದರೆ ನಷ್ಟದಲ್ಲಿ ಎಫ್‌ಡಿಐಸಿಗೂ ಡ್ರೀಮ್ ಫಸ್ಟ್‌ಗೂ ಪಾಲು ಎಂಬ ಕರಾರೂ ಆಯಿತು. ಬೇರೆಯವರು ಕೊಟ್ಟ ಸಾಲವನ್ನು ಎರಡು ದಿನದಲ್ಲಿ ಅಳೆದು ಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲವಾದ್ದರಿಂದ ಈ ಕರಾರು.

ಹೊಣೆ ದೊಡ್ಡದು, ಆಸ್ತಿ ಚಿಕ್ಕದು; ನಡುವಿನ ಗುಂಡಿಗೆ ಹಣ ಎಲ್ಲಿಂದ? ವಿಮಾ ನಿಧಿಯಿಂದ. ಎಫ್‌ಡಿಐಸಿ ಅಂದಾಜಿಸಿದ ಮೊತ್ತ 5 ಕೋಟಿ 42 ಲಕ್ಷ ಡಾಲರ್. ಕದ್ದದ್ದಕ್ಕಿಂತಲೂ ಹೆಚ್ಚು. ಅವಸರದಲ್ಲಿ ಮಾರಿದ ಆಸ್ತಿಗೆ ಪುಸ್ತಕದಲ್ಲಿರುವ ಬೆಲೆ ಎಲ್ಲೂ ಹುಟ್ಟುವುದಿಲ್ಲ. ಈ ನಿಧಿಗೆ ಕಂತು ಕಟ್ಟುವುದು ಅಲ್ಲಿನ ಬ್ಯಾಂಕುಗಳು.

ಹೀಗೆ ಜುಲೈ 31ರ ಸೋಮವಾರ ನಾಲ್ಕೂ ಶಾಖೆ ಹೊಸ ಹೆಸರಲ್ಲಿ ಬಾಗಿಲು ತೆರೆದವು. ನಡುವಿನ ಎರಡು ದಿನವೂ ಚೆಕ್ಕು, ಕಾರ್ಡು ನಡೆದವು. ಸಾಲಗಾರರು ಕಂತು ಕಟ್ಟುವುದು ಮುಂದುವರಿಯಿತು. ಬ್ಯಾಂಕು ಮುಳುಗಿದರೆ ಸಾಲವೂ ಮುಳುಗುತ್ತದೆ ಎಂದು ನಂಬುವವರು ಎಲ್ಲ ದೇಶದಲ್ಲೂ ಇದ್ದಾರೆ, ಅದು ಬರಿಯ ಆಸೆ.

ಹೊಸ ಬ್ಯಾಂಕು ಬಂದರೂ ಹಳೆಯದರ ರಿಸೀವರ್‌ಗಿರಿ ವರ್ಷಗಟ್ಟಲೆ ಉಳಿಯುತ್ತದೆ. ಬಾಡಿಗೆ ಬಾಕಿ, ಸರಬರಾಜಿನ ಬಿಲ್ಲು ಇರುವವರಿಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಕ್ಲೇಮು ಸಲ್ಲಿಸಲು ಕನಿಷ್ಠ 90 ದಿನ. ಅದನ್ನು ತೀರ್ಮಾನಿಸಲು ರಿಸೀವರ್‌ಗೆ 180 ದಿನ. ತಿರಸ್ಕರಿಸಿದರೆ ಕೋರ್ಟಿಗೆ ಹೋಗಲು 60 ದಿನ. ಮೊದಲ ಗಡುವು ತಪ್ಪಿದರೆ ಎಷ್ಟೇ ನ್ಯಾಯವಾದ ಬಾಕಿಯಾದರೂ ಸಾಮಾನ್ಯವಾಗಿ ಕೈ ತೊಳೆದ ಹಾಗೆಯೇ. ಹಂಚುವ ಸಾಲಿನಲ್ಲಿ ಮೊದಲು ರಿಸೀವರ್‌ನ ಖರ್ಚು, ಆಮೇಲೆ ಠೇವಣಿ, ಆಮೇಲೆ ಬಾಕಿ ಬರಬೇಕಾದ ಉಳಿದವರು, ಕಟ್ಟಕಡೆಗೆ ಷೇರುದಾರರು. ಠೇವಣಿದಾರರಿಗೆ ವಿಮಾ ನಿಧಿ ಮೊದಲೇ ಕೊಟ್ಟಿರುವುದರಿಂದ ಅವರ ಜಾಗದಲ್ಲಿ ನಿಧಿಯೇ ಸಾಲಿನಲ್ಲಿ ನಿಲ್ಲುತ್ತದೆ. ಅದನ್ನು ದಾಟಿ ಷೇರುದಾರರ ತನಕ ಹಣ ಬರುವುದು ಅಪರೂಪ. ಎಲ್ಕ್‌ಹಾರ್ಟ್‌ನಲ್ಲಿ ಷೇರು ಇದ್ದದ್ದು ಊರಿನವರ ಬಳಿಯೇ, ಕೆಲವರಿಗೆ ಅದು ಮುಪ್ಪಿನ ಗಂಟು. ಅವರಿಗೆ ಒದಗಿದ್ದು ಅದೃಷ್ಟ: ಎಫ್‌ಬಿಐ ಒಂದು ಕ್ರಿಪ್ಟೊ ಖಾತೆಯಲ್ಲಿ ಹಿಡಿದ ಸುಮಾರು 80 ಲಕ್ಷ ಡಾಲರನ್ನು ನ್ಯಾಯಾಲಯ ಷೇರುದಾರರಿಗೆ ಕೊಡಿಸಿತು. ಎಲ್ಲ ಕಡೆ ಹೀಗಾಗುವುದಿಲ್ಲ.

ನಮ್ಮಲ್ಲಿ ದಾರಿ ಬೇರೆ. ಸಹಕಾರಿ ಬ್ಯಾಂಕು ಕುಸಿದರೆ ರಿಸರ್ವ್ ಬ್ಯಾಂಕು ಮೊದಲು ನಿರ್ಬಂಧ ಹಾಕುತ್ತದೆ; ಇಂತಿಷ್ಟಕ್ಕಿಂತ ಹೆಚ್ಚು ಹಣ ತೆಗೆಯುವಂತಿಲ್ಲ, ಕೆಲವೊಮ್ಮೆ ಏನನ್ನೂ ತೆಗೆಯುವಂತಿಲ್ಲ. ಲೈಸೆನ್ಸ್ ರದ್ದಾದರೆ, 2025ರ ಜುಲೈನಲ್ಲಿ ಕಾರವಾರ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿಗೆ ಆದಂತೆ, ಸಹಕಾರ ಸಂಘಗಳ ನಿಬಂಧಕರು ಲಿಕ್ವಿಡೇಟರನ್ನು, ಅಂದರೆ ಆಸ್ತಿ ಮಾರಿ ಬಾಕಿ ತೀರಿಸುವವರನ್ನು, ನೇಮಿಸಬೇಕು. ಅಮೆರಿಕದಲ್ಲಿ ವಿಮೆ ಕೊಡುವವರೇ ರಿಸೀವರ್. ಇಲ್ಲಿ ಡಿಐಸಿಜಿಸಿ, ಅಂದರೆ ನಮ್ಮ ಠೇವಣಿ ವಿಮಾ ನಿಗಮ, ಹಣ ಕೊಡುತ್ತದೆ, ವಸೂಲಿ ಮಾಡುವವರು ಬೇರೆ. ಎರಡು ಕಚೇರಿ, ಎರಡು ಕಡತ.

2021ರ ಸೆಪ್ಟೆಂಬರ್ 1ರಿಂದ ಒಂದು ಒಳ್ಳೆಯ ಬದಲಾವಣೆ ಜಾರಿಯಲ್ಲಿದೆ. ಲೈಸೆನ್ಸ್ ರದ್ದಾಗುವ ತನಕ ಕಾಯಬೇಕಿಲ್ಲ. ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಬರಬೇಕು. 45 ದಿನದಲ್ಲಿ ಬ್ಯಾಂಕು ಪಟ್ಟಿ ಕೊಡಬೇಕು, 30 ದಿನದಲ್ಲಿ ನಿಗಮ ಪರಿಶೀಲಿಸಬೇಕು, ಉಳಿದ 15 ದಿನದಲ್ಲಿ ಪಾವತಿ. ಇದು ತಾನಾಗಿ ಬರುವ ಹಣವಲ್ಲ. ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಬೇರೊಂದು ಬ್ಯಾಂಕಿನ ಖಾತೆ ವಿವರ ಕೊಟ್ಟವರ ಹೆಸರಷ್ಟೇ ಪಟ್ಟಿಗೆ ಹೋಗುತ್ತದೆ. ಕೆವೈಸಿ ಹಳೆಯದಾಗಿದ್ದವರು, ಖಾತೆದಾರ ತೀರಿಕೊಂಡು ನಾಮಿನಿ ಇಲ್ಲದವರು ಸಿಕ್ಕಿಬೀಳುವುದು ಇಲ್ಲೇ.

ಮಿತಿ ಐದು ಲಕ್ಷ ರೂಪಾಯಿ, 2020ರ ಫೆಬ್ರವರಿ 4ರಿಂದ. ಅಸಲು, ಬಡ್ಡಿ ಎರಡೂ ಸೇರಿ. ಅಂದರೆ ನಾಲ್ಕೂ ಮುಕ್ಕಾಲು ಲಕ್ಷದ ಎಫ್‌ಡಿಗೆ 40 ಸಾವಿರ ಬಡ್ಡಿ ಕೂಡಿದ್ದರೆ 15 ಸಾವಿರ ಮಿತಿಯ ಹೊರಗೆ. ಒಂದೇ ಬ್ಯಾಂಕಿನ ಮೂರು ಶಾಖೆಯಲ್ಲಿ ಹಂಚಿಟ್ಟರೂ ಲೆಕ್ಕ ಒಂದೇ. ಗಂಡನ ಹೆಸರಲ್ಲಿ, ಹೆಂಡತಿಯ ಹೆಸರಲ್ಲಿ, ಇಬ್ಬರ ಜಂಟಿ ಹೆಸರಲ್ಲಿ ಇದ್ದರೆ ಮೂರಕ್ಕೂ ಬೇರೆ ಬೇರೆ ಐದು ಲಕ್ಷ. ಜಂಟಿ ಖಾತೆ ಎರಡಿದ್ದು ಹೆಸರಿನ ಕ್ರಮ ಒಂದೇ ಆಗಿದ್ದರೆ ಎರಡೂ ಕೂಡುತ್ತವೆ. ಒಂದರಲ್ಲಿ ಗಂಡ ಮೊದಲು, ಇನ್ನೊಂದರಲ್ಲಿ ಹೆಂಡತಿ ಮೊದಲು ಇದ್ದರೆ ಬೇರೆಯಾಗುತ್ತವೆ. ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲ ಬಾಕಿಯಿದ್ದರೆ ಅದನ್ನು ಕಳೆದು ಉಳಿದದ್ದು ಕೈಗೆ. ಪಾಸ್‌ಬುಕ್ ತೆಗೆದು ಮೊದಲ ಪುಟದಲ್ಲಿ ಹೆಸರು ಯಾವ ಕ್ರಮದಲ್ಲಿದೆ, ನಾಮಿನಿ ಯಾರೆಂದು ಬರೆದಿದೆ ಎಂದು ಇವತ್ತೇ ಒಮ್ಮೆ ನೋಡಿ.

ನಮಸ್ಕಾರ.